ಬೆಲ್ಲ ಹಾಕಿದ ಕೋಳಿ ಗೂಡು

ಅವ್ವನ ಕೈಯಲ್ಲಿ ಕೋಳಿ ಬದುಕುವುದಿಲ್ಲ ಎಂದು ಹೇಳಿದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟಿನ ಮಾತಾಗಿದ್ದರೆ ಸಂಜೆಯೊಳಗೆ ಆರಿಹೋಗುತ್ತಿತ್ತು. ಇವತ್ತು ಸೋಮವಾರ, ನಾಳೆ ಮಂಗಳವಾರ ಎನ್ನುವಷ್ಟು ಸಮಾಧಾನದಿಂದ, ಎಲೆ ಅಡಿಕೆ ಮೆಲ್ಲುತ್ತಾ ಹೇಳಿದ್ದಳು. ಅಷ್ಟೇ ಸಮಾಧಾನದಿಂದ ಆಯಿ ಇನ್ನೊಂದು ಮಾತನ್ನೂ ಹಿಂದೆ ಹೇಳಿದ್ದಳು: ಈ ಹುಡುಗಿ ಬಿ.ಎ. ಪಾಸಾಗುವುದು ಆಗಲಾರದ ಮಾತು ಎಂದು. ಆ ಹುಡುಗಿ ನಾನು.

ನಾನು ಪಾಸಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಕೆಂಪು ಬಾಳೆಯ ಬುಟ್ಟಿಗಳ ನಡುವೆ ಒಂದು ಕಾಲು ಇಟ್ಟು, ಇನ್ನೊಂದು ಕಾಲಿಗೆ ಜಾಗ ಹುಡುಕುತ್ತಾ ಓದಿದವಳು. ಇಂಗ್ಲಿಷ್ ಒಂದು ಸಲ ಕೈಕೊಟ್ಟಿತು. ಮತ್ತೆ ಬರೆದೆ. ಈಗ ಕಲಬುರಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಕುಸನೂರಿನ ಕಡೆ ಬಾಡಿಗೆಯ ಒಂದು ಕೋಣೆ. ಶನಿವಾರ ಬಂತೆಂದರೆ ಕಮಲಾಪುರದ ಬಸ್ಸು.

ಕೋಳಿಗಳು ಮೊದಲು ಆಯಿಯವೇ ಆಗಿದ್ದವು. ನಮ್ಮ ಓಣಿಯಲ್ಲಿ ಆಯಿಯ ಜವಾರಿ ಕೋಳಿಗಳಿಗೆ ಹೆಸರಿತ್ತು. ಮೊಣಕಾಲು ಹಿಡಿದುಕೊಂಡು ಬಗ್ಗುವುದು ಆಗದಿದ್ದಾಗ ಅವನ್ನು ಸೊಸೆಯ ಕೈಗೆ ಒಪ್ಪಿಸಿದಳು. ಒಪ್ಪಿಸಿದ ವರ್ಷವೇ ಎಲ್ಲ ಹಾಳಾಯಿತು. ಮೊದಲು ತತ್ತಿಗಳು ಕಾಣೆಯಾದವು, ಆಮೇಲೆ ಮರಿಗಳು. ದೊಡ್ಡವು ದಿನದಿನಕ್ಕೆ ಬಿಳಿಚಿಕೊಂಡು, ರೆಕ್ಕೆ ಜೋತುಬಿಟ್ಟು ಒಂದೊಂದಾಗಿ ಸತ್ತವು. ಆಯಿಯ ತೀರ್ಪು ಒಂದೇ: ಸೊಸೆಯ ಕೈಗುಣ.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಒಬ್ಬರು ನೆಟ್ಟರೆ ಬಳ್ಳಿ ಹಬ್ಬುತ್ತದೆ, ಇನ್ನೊಬ್ಬರು ನೆಟ್ಟರೆ ಒಣಗುತ್ತದೆ. ಹಾಗೆಂದು ಜನ ನಂಬುತ್ತಾರೆ. ಒಮ್ಮೆ ಕೈಗುಣ ಸರಿಯಿಲ್ಲ ಎನಿಸಿಕೊಂಡರೆ ಮುಗಿಯಿತು, ಅಪೀಲಿಗೆ ಯಾವ ಕೋರ್ಟೂ ಇಲ್ಲ. ಓಣಿಯ ಹೆಂಗಸರು ಕೋಳಿಯನ್ನು ಕಾವಿಗೆ ಕೂರಿಸುವಾಗ ಅವ್ವ ಆ ಕಡೆ ಬಂದರೆ ಬುಟ್ಟಿಯ ಮೇಲೆ ಸೆರಗು ಎಳೆಯುತ್ತಿದ್ದರು. ಅವ್ವ ಕಂಡೂ ಕಾಣದವಳ ಹಾಗೆ ದಾಟಿಹೋಗುತ್ತಿದ್ದಳು. ಮನೆಗೆ ಬಂದು ಪಾತ್ರೆಯನ್ನು ಸ್ವಲ್ಪ ಜೋರಾಗಿ ತಿಕ್ಕುತ್ತಿದ್ದಳು, ಅಷ್ಟೇ.

ಹೀಗಿರುವಾಗ, ಹೆಂಗಸರಿಗೆ ಹಿತ್ತಲಲ್ಲಿ ಕೋಳಿ ಸಾಕುವ ತರಬೇತಿ ಕಲಬುರಗಿಯಲ್ಲಿ ನಡೆಯುತ್ತದೆ ಎಂದು ಕಚೇರಿಯಲ್ಲಿ ಕೇಳಿದೆ. ಅವ್ವನನ್ನು ಕೇಳದೆ ಆಕೆಯ ಹೆಸರು ಬರೆಸಿ ಬಂದೆ. ತರಬೇತಿ ಮುಗಿಸಿದರೆ ಸರ್ಟಿಫಿಕೇಟ್, ಸರ್ಟಿಫಿಕೇಟ್ ಜೊತೆಗೆ ಕೋಳಿಮರಿಗಳು. ಆದರೆ ಒಂದು ಷರತ್ತು. ತರಬೇತಿಯ ಪಶುವೈದ್ಯೆ, ಎಲ್ಲರೂ ಮೇಡಂ ಎನ್ನುವವರು, ಮನೆಗೇ ಬಂದು ಗೂಡು ನೋಡುತ್ತಾರೆ. ಗೂಡಿನೊಳಗೆ ಇಲಿ, ಹುಳ ಸೇರದ ಹಾಗೆ ಬಂದೋಬಸ್ತಾಗಿದ್ದರೆ ಎರಡೂ ಸಿಗುತ್ತವೆ. ಇಲ್ಲದಿದ್ದರೆ ಎರಡೂ ಇಲ್ಲ. ಮತ್ತೆ ತರಬೇತಿ ಯಾವಾಗ ಎಂದು ಯಾರೂ ಹೇಳುವವರಿರಲಿಲ್ಲ.

ಅವ್ವ ಶಾಲೆಯ ಮುಖ ನೋಡಿದವಳಲ್ಲ. ತರಬೇತಿ ಮುಗಿಯುವವರೆಗೆ ನನ್ನ ಕೋಣೆಯಲ್ಲಿ ಇದ್ದು, ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಸಿಟಿ ಬಸ್ ಹತ್ತುತ್ತಿದ್ದಳು. ಸಂಜೆ ಬಂದಳೆಂದರೆ ನನಗೆ ಪಾಠ. ಎಲ್ಲ ಮಾತೂ ‘ಮೇಡಂ ಹೇಳ್ಯಾರ’ ಎಂದು ಶುರುವಾಗುತ್ತಿತ್ತು. ಒಂದು ಸಂಜೆ ನನ್ನ ಕೋಣೆಯನ್ನೇ ತಪಾಸಣೆ ಮಾಡಿದಳು. ಗ್ಯಾಸ್ ಒಲೆಯ ಹಿಂದೆ ಇಣುಕಿದಳು, ಬಚ್ಚಲ ಮೋರಿಯ ಜಾಳಿಗೆ ಎತ್ತಿ ನೋಡಿದಳು, ಗೋಡೆಯ ಬಿರುಕಿಗೆ ಕಸಬರಿಗೆಯ ಕಡ್ಡಿ ತೂರಿಸಿದಳು.

“ಇಲ್ಲಿ ಕೋಳಿ ಇಟ್ಟರ ಸಾಯ್ತಾವ” ಎಂದಳು.

“ಅವ್ವಾ, ಇಲ್ಲಿ ನಾ ಇರತೀನಿ.”

“ನೀ ಡಿಗ್ರಿ ಮಾಡೀದಿ, ತಡಕೋತಿ.”

ತರಬೇತಿ ಮುಗಿದ ಶನಿವಾರ ಇಬ್ಬರೂ ಕಮಲಾಪುರಕ್ಕೆ ಬಂದೆವು. ಮೇಡಂ ಬರುವುದು ಮುಂದಿನ ಶನಿವಾರ. ಅಷ್ಟರೊಳಗೆ ಗೂಡು ತಯಾರಾಗಬೇಕು.

ಗೂಡು ಮುತ್ಯಾ, ಅಂದರೆ ಆಯಿಯ ಗಂಡ, ಕಟ್ಟಿದ್ದು. ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ಮೂರು ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ನಾಲ್ಕನೆಯ ಕಡೆಗೆ ಮನೆಯ ಗೋಡೆಯನ್ನೇ ಬಳಸಿಕೊಂಡಿದ್ದ. ಆ ಗೋಡೆಯ ಆಚೆ ಆಯಿಯ ಕೋಣೆ. ಕೋಳಿಗಳು ಹೋದ ಮೇಲೆ ಗೂಡು ಮನೆಯ ಕಪಾಟಾಗಿತ್ತು. ಎಸೆಯಲು ಮನಸ್ಸು ಬಾರದ, ಇಟ್ಟುಕೊಳ್ಳಲು ಜಾಗವಿಲ್ಲದ ಎಲ್ಲವೂ ಅದರೊಳಗೆ ಸೇರುತ್ತಿತ್ತು. ತೂತುಬಿದ್ದ ಕೊಡ, ಕಾಲು ಮುರಿದ ಸ್ಟೂಲು, ಅಪ್ಪ ರಿಪೇರಿ ಮಾಡಿಸುತ್ತೇನೆ ಎಂದು ಇಟ್ಟು ಮರೆತ ಟೇಬಲ್ ಫ್ಯಾನು. ನಾನು ಬಾಯಿಗೆ ಮಾಸ್ಕ್, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಳಗೆ ತೂರಿ ಒಂದೊಂದನ್ನೇ ಹೊರಗೆ ಕೊಡುತ್ತಿದ್ದೆ. ಆಯಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, ಬಂದದ್ದನ್ನೆಲ್ಲ ನೋಡಿ, ‘ಅದು ಕೆಲಸಕ್ಕ ಬರತದ, ಆ ಕಡಿ ಇಡ್ರಿ’ ಎನ್ನುತ್ತಿದ್ದಳು. ಗೂಡು ಖಾಲಿಯಾಗುವಷ್ಟರಲ್ಲಿ ಅಂಗಳ ತುಂಬಿತ್ತು.

ತಳದಲ್ಲಿ ನನ್ನ ಡಿಗ್ರಿಯ ಗೈಡುಗಳು ಸಿಕ್ಕವು. ಹೆಗ್ಗಣ ರಾಜ್ಯಶಾಸ್ತ್ರವನ್ನು ರಟ್ಟಿನ ಸಮೇತ ತಿಂದು ಮುಗಿಸಿತ್ತು. ಇತಿಹಾಸವನ್ನು ಅರ್ಧಕ್ಕೆ ಬಿಟ್ಟಿತ್ತು. ಇಂಗ್ಲಿಷ್ ಗೈಡನ್ನು ಮೂಸಿಯೂ ನೋಡಿರಲಿಲ್ಲ. ಅದರ ಕಷ್ಟ ನನಗೆ ಅರ್ಥವಾಯಿತು.

ಖಾಲಿ ಗೂಡಿನೊಳಗೆ ಅವ್ವ ಕೂತು, ಎರಡು ಚಪ್ಪಡಿ ಕೂಡುವ ಸಂದಿಗೆ ಕಡ್ಡಿ ಹಾಕಿ ಕೆರೆದಳು. ಉಣ್ಣಿಗಳು ಉದುರಿದವು. ಬೂದು ಬಣ್ಣದ, ಚಪ್ಪಟೆಯಾದ, ತೊಗರಿ ಬೇಳೆಯಷ್ಟು ದೊಡ್ಡ ಉಣ್ಣಿಗಳು. ಇವು ಹಗಲೆಲ್ಲ ಸಂದಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹೊರಬಂದು ಕೋಳಿಯ ರಕ್ತ ಕುಡಿಯುತ್ತವೆ, ತಿನ್ನಲು ಏನೂ ಸಿಗದಿದ್ದರೂ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಇರುತ್ತವೆ ಎಂದು ಮೇಡಂ ಹೇಳಿಕೊಟ್ಟಿದ್ದರಂತೆ. ಅವ್ವ ಸ್ವಲ್ಪ ಹೊತ್ತು ಅವನ್ನೇ ನೋಡಿದಳು. ಆಮೇಲೆ ಇತಿಹಾಸದ ಒಂದು ಹಾಳೆ ಹರಿದು, ಅದರ ಮೇಲೆ ನಾಲ್ಕಾರನ್ನು ಇಟ್ಟುಕೊಂಡು, ಪ್ರಸಾದ ತರುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು ಆಯಿಯ ಮುಂದೆ ಬಂದು ನಿಂತಳು.

“ಅತ್ತೀ, ನೋಡ್ರಿ. ಕೋಳಿ ಬೆಳ್ಳಗಾಗಿ ಸತ್ತಿದ್ದು ಇವುಗಳಿಂದರಿ.”

ಆಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. “ನನ್ನ ಕಾಲದಾಗ ಇವು ಇದ್ದಿಲ್ಲ” ಎಂದಳು. “ನೀ ಬಂದ ಮ್ಯಾಲ ಬಂದಾವ.”

ಇಂಥ ಹೊತ್ತಿನಲ್ಲಿ ಅಪ್ಪ ಮಾಡುವುದು ಒಂದೇ ಕೆಲಸ. ಎದ್ದು ಹೋಗಿ ಮೋಟರ್ ಸೈಕಲ್ಲಿನ ಗಾಳಿ ನೋಡುವುದು. ಅವ್ವ, ಆಯಿ ಒಂದೇ ಮನೆಯಲ್ಲಿ ಇದ್ದಷ್ಟೂ ವರ್ಷ ಆ ಗಾಡಿಯ ಗಾಳಿ ಕಡಿಮೆಯಾದದ್ದೇ ಇಲ್ಲ.

ಮರುದಿನ ಭಾನುವಾರ ಉಣ್ಣಿ ಸುಡುವ ಕೆಲಸ. ಗೌಂಡಿ ಕೆಲಸದ ಕಾಕಾ, ಅಂದರೆ ಅಪ್ಪನ ತಮ್ಮ, ಅವತ್ತು ಬಂದಿದ್ದ. ಕಲಬುರಗಿಯ ಎಷ್ಟೋ ಹೊಸ ಬಡಾವಣೆಗಳ ಗೋಡೆಗಳು ಆತನ ಕೈಯಿಂದ ಎದ್ದಿವೆ. ಆತ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ವರ್ಷಗಳಾದವು. ‘ಏ ಡಿಗ್ರಿ, ಆ ಗಾರೆ ಪುಟ್ಟಿ ಹಿಡಿ’, ‘ಡಿಗ್ರಿ, ನೀರು ತಾ’ ಎನ್ನುತ್ತಾನೆ. ನನಗೆ ಅದು ಬೇಜಾರಿಲ್ಲ. ಮಂದಿ ಅದಕ್ಕೆ ಬೈಗುಳ ಅನ್ನಬಹುದು, ನನಗಂತೂ ಹಾರ ಹಾಕಿದ ಹಾಗಾಗುತ್ತದೆ.

ಅವ್ವ ತೊಗರಿ ಕಟ್ಟಿಗೆಯ ಸಣ್ಣ ಕಟ್ಟು ಮಾಡಿ, ತುದಿಗೆ ಬೆಂಕಿ ಹಚ್ಚಿ, ಸಂದಿಸಂದಿಗೂ ಉರಿ ತೋರಿಸಿದಳು. ಚಟಚಟ ಸದ್ದಾಯಿತು. ಪ್ರತಿ ಸದ್ದಿಗೂ ಅವ್ವನ ಮುಖ ಒಂದಿಷ್ಟು ಅರಳುತ್ತಿತ್ತು. ಆಮೇಲೆ ಕೆಂಡದ ಮೇಲೆ ಹಸಿ ಬೇವಿನ ಸೊಪ್ಪು ಹೇರಿ, ಬಾಗಿಲಿಗೆ ಒದ್ದೆ ಗೋಣಿಚೀಲ ಮುಚ್ಚಿ, ಹೊಗೆ ಹಿಡಿಯಲಿ ಎಂದು ಬಿಟ್ಟಳು. ನಾವು ಮೂವರೂ ಸಂದಿಗಳಿಂದ ಹೊಗೆ ಬರುವುದನ್ನು ಕಾದೆವು. ಅಲ್ಲೊಂದು ಎಳೆ, ಇಲ್ಲೊಂದು ಎಳೆ. ಅಷ್ಟು ಸೊಪ್ಪಿನ ಹೊಗೆ ಎಲ್ಲಿ ಹೋಯಿತು ಎಂದು ಕಾಕಾ ತಲೆ ಕೆರೆದುಕೊಳ್ಳುವಾಗ ಮನೆಯ ಒಳಗಿನಿಂದ ಆಯಿಯ ದನಿ ಬಂತು.

“ಯಾರೋ ಅದು ನನಗ ಬೆಂಕಿ ಹಚ್ಚಾಕತ್ತವರು? ಇನ್ನಾ ಜೀವಂತ ಇದ್ದೀನಿ ನಾ.”

ಓಡಿದೆವು. ಕೋಣೆಯ ತುಂಬ ಹೊಗೆ. ಮಂಚದ ಮೇಲೆ ಆಯಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೆಮ್ಮುತ್ತಿದ್ದಾಳೆ, ಹೊಗೆ ಮಂಚದ ಕೆಳಗಿನಿಂದ ಮೋಡದ ಹಾಗೆ ಏಳುತ್ತಿದೆ. ಆಯಿಯನ್ನು ಹೊರಗೆ ಕೂರಿಸಿ, ಮಂಚ ಸರಿಸಿ ನೋಡಿದರೆ ಗೋಡೆಯ ಬುಡದಲ್ಲಿ ತೆಂಗಿನಕಾಯಿ ಹಿಡಿಯುವಷ್ಟು ದೊಡ್ಡ ಬಿಲ. ನೇರವಾಗಿ ಗೂಡಿನೊಳಗೆ ತೆರೆಯುವ ಹೆಗ್ಗಣದ ಹೆದ್ದಾರಿ. ಗೂಡಿನ ಕಡೆಯ ಬಾಯಿ ಸಡಿಲ ಕಸದ ಹಿಂದೆ ಅಡಗಿದ್ದರಿಂದ ನಮಗೆ ಕಂಡಿರಲಿಲ್ಲ. ಬಿಲದ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ, ಅದರ ಮುಚ್ಚಳದ ಒಂದು ಮೂಲೆ ಮಡಚಿಕೊಂಡಿತ್ತು. ಡಬ್ಬಿಯೊಳಗೆ ಪುಠಾಣಿ ಎನ್ನುವ ಹುರಿಗಡಲೆ, ಶೇಂಗಾ, ಮತ್ತು ಮುಷ್ಟಿಗೆ ಹಿಡಿಯದಷ್ಟು ದೊಡ್ಡ ಬೆಲ್ಲದ ಉಂಡೆ.

ಆಯಿಗೆ ಸಕ್ಕರೆ ಕಾಯಿಲೆ. ಬೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು ಎಂದು ಡಾಕ್ಟರ ಎದುರು, ನಮ್ಮ ಎದುರು, ದೇವರ ಎದುರು ಹೇಳುತ್ತಾ ಬಂದಿದ್ದಳು.

ಕಾಕಾ ಡಬ್ಬಿ ಹಿಡಿದುಕೊಂಡು ಅಂಗಳಕ್ಕೆ ಬಂದ. ಗೋಡೆ ಕಟ್ಟುವವನ ತಲೆ ಅದು, ಒಂದರ ಮೇಲೊಂದು ಇಟ್ಟು ನೋಡುತ್ತದೆ. ಆಯಿಯ ಮೊಣಕಾಲು ಹಿಡಿದುಕೊಂಡದ್ದು ಯಾವಾಗ, ಮಂಚವನ್ನು ಪಡಸಾಲೆಯಿಂದ ಆ ಗೋಡೆಯ ಪಕ್ಕಕ್ಕೆ ತಂದದ್ದು ಯಾವಾಗ, ಕೋಳಿಗಳನ್ನು ವೈನಿಯ, ಅಂದರೆ ಅವ್ವನ, ಕೈಗೆ ಒಪ್ಪಿಸಿದ್ದು ಯಾವಾಗ ಎಂದು ಬೆರಳು ಮಡಚುತ್ತಾ ಕೇಳಿದ. ಎಲ್ಲವೂ ಒಂದೇ ವರ್ಷ. ಹೆಗ್ಗಣ ಬಂದದ್ದು ಪುಠಾಣಿಗೆ. ಬಂದಮೇಲೆ ಗೋಡೆಯ ಆಚೆ ತತ್ತಿಯೂ ಇದೆ, ಮರಿಯೂ ಇದೆ ಎಂದು ಅದಕ್ಕೆ ಗೊತ್ತಾಯಿತು.

“ಯವ್ವಾ, ಹೆಗ್ಗಣಕ್ಕ ದಾರಿ ತೋರಿಸಿದಾಕಿ ನೀನ” ಎಂದ ಕಾಕಾ.

“ನಾ ಏನು ಅದಕ್ಕ ಉಣ್ಣಾಕ ಕರದೀನೇನು?” ಎಂದಳು ಆಯಿ.

ಅವ್ವ ಈಗಲಾದರೂ ಎರಡು ಮಾತು ಆಡುತ್ತಾಳೆ ಎಂದು ನಾನು ಕಾದೆ. ನಾನಾಗಿದ್ದರೆ ಭಾಷಣವನ್ನೇ ಬಿಗಿಯುತ್ತಿದ್ದೆ. ಅವ್ವ ಆಯಿಗೆ ನೀರು ತಂದುಕೊಟ್ಟಳು, ಬಿಲವನ್ನು ಇವತ್ತೇ ಮುಚ್ಚಬೇಕು ಎಂದು ಕಾಕಾನಿಗೆ ಹೇಳಿದಳು, ಕೆಂಡ ಆರಿಸಲು ಹೋದಳು. ಓಣಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಅವರಿಗೆ ತೋರಿಸಬೇಕಾದದ್ದು ಬಿಲವಲ್ಲ, ಬದುಕಿದ ಕೋಳಿ ಎಂಬುದು ಆಕೆಗೆ ಗೊತ್ತಿತ್ತು.

ಬಿಲ ಮುಚ್ಚುವ ವಿಷಯದಲ್ಲಿ ನಮ್ಮ ಮನೆಯ ಇಬ್ಬರು ಬುದ್ಧಿವಂತರು ಒಂದಾದೆವು. ಅದೇ ಎಡವಟ್ಟಾಯಿತು.

ಕಾಕಾ ಸುಣ್ಣ ಮರಳು ಕಲಸಿಕೊಂಡಿದ್ದ. ಪಕ್ಕದಲ್ಲೇ ಆಯಿಯ ಡಬ್ಬಿ ಇತ್ತು. ಬೆಲ್ಲದ ಉಂಡೆಯನ್ನು ಕೈಯಲ್ಲಿ ತೂಗಿ ನೋಡಿದವನು, ಕಲಬುರಗಿ ಕೋಟೆಯ ಹತ್ತಿರ ಕೆಲಸ ಮಾಡುವಾಗ ಒಬ್ಬ ಉಸ್ತಾದ್ ಹೇಳಿದ ಮಾತು ನೆನಪಿಗೆ ಬಂತು ಎಂದ. ಹಳೆಯ ಕಾಲದ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರಂತೆ, ಅದಕ್ಕೇ ಕೋಟೆಯ ಗೋಡೆ ಇನ್ನೂ ನಿಂತಿದೆಯಂತೆ. ಮೇಡಂ ಸಿಮೆಂಟು ಮತ್ತು ಗಾಜಿನ ಚೂರು ಹೇಳಿದ್ದಾರೆ ಎಂದು ಅವ್ವ ಒಂದು ಮಾತು ತೆಗೆದಳು. ಸಿಮೆಂಟು ಇವತ್ತಿನದು, ನಾಳೆ ಬಿರುಕು ಬಿಡುತ್ತದೆ ಎಂದ ಕಾಕಾ. ಅವ್ವ ನನ್ನ ಕಡೆ ನೋಡಿದಳು. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಗಾರೆಗೆ ಬೆಲ್ಲ ಹಾಕುತ್ತಿದ್ದದ್ದು ಖರೆ ಎಂದೆ.

“ನೋಡ್ರಿ ವೈನಿ, ಡಿಗ್ರಿ ಸೈತ ಹೌದಂತದ” ಎಂದ ಕಾಕಾ. ನನ್ನ ಓದಿಗೆ ಆತ ಕೊಟ್ಟ ಮೊದಲ ಮರ್ಯಾದೆ ಅದು. ನನಗೆ ಎಷ್ಟು ಖುಷಿಯಾಯಿತೆಂದರೆ ಬೆಲ್ಲ ಕುಟ್ಟಿ ನೀರಿನಲ್ಲಿ ಕರಗಿಸಿಕೊಟ್ಟವಳು ನಾನೇ. ಒಬ್ಬ ಗೌಂಡಿ, ಒಬ್ಬ ಪದವೀಧರೆ ಕೂಡಿ ಹೇಳಿದ ಮೇಲೆ ಅವ್ವ ಸಿಮೆಂಟಿನ ಮಾತು ಬಿಟ್ಟಳು. ಕಾಕಾ ಬಿಲವನ್ನಷ್ಟೇ ಮುಚ್ಚಲಿಲ್ಲ. ಗಾರೆ ಉಳಿಯಿತೆಂದು ಎಲ್ಲ ಸಂದಿಗಳಿಗೂ ಅದನ್ನೇ ಮೆತ್ತಿದ. ಮೇಲೆ ಸುಣ್ಣ ಹೊಡೆದ. ಕೆಲಸ ನೋಡಲು ಬಹಳ ಚಂದವಾಗಿತ್ತು. ಬೆಲ್ಲದ ಉಂಡೆ ನೀರಾಗುವುದನ್ನು ಆಯಿ ಕಣ್ಣು ಕೀಳದೆ ನೋಡುತ್ತಿದ್ದಳು.

ಗೂಡಿನ ಬಾಗಿಲಿಗೆ ಜಾಳಿಗೆ ತಂದಿದ್ದೂ ನಾನೇ, ಕಲಬುರಗಿಯ ಬಜಾರಿನಿಂದ. ಅಂಗಡಿಯಲ್ಲಿ ಕೋಳಿ ಜಾಳಿಗೆ ಕೊಡಿ ಎಂದೆ, ಕೋಳಿ ಜಾಳಿಗೆ ಕೊಟ್ಟರು. ಕಾಕಾ ಬಡಿಯಲು ಎತ್ತಿದಾಗ ಆಯಿ ಕುರ್ಚಿಯಿಂದಲೇ ಕೈ ಚಾಚಿ, ಜಾಳಿಗೆಯ ಒಂದು ತೂತಿನಲ್ಲಿ ಮೂರು ಬೆರಳು ತೂರಿಸಿ, ಆಚೆಯಿಂದ ನನ್ನತ್ತ ಅಲ್ಲಾಡಿಸಿದಳು. ಕೋಳಿ ಹೊರಗೆ ಹೋಗದ ಜಾಳಿಗೆ ಅದು, ಇಲಿ ಒಳಗೆ ಬಾರದ ಜಾಳಿಗೆಯಲ್ಲ. ಸಣ್ಣ ಕಣ್ಣಿನ ಗಟ್ಟಿ ತಂತಿಯದನ್ನು ಅಪ್ಪ ಮರುದಿನ ಕಮಲಾಪುರದಲ್ಲೇ ತಂದ. ನಾನು ಅಷ್ಟರೊಳಗೆ ಕಲಬುರಗಿಯ ಬಸ್ಸಿನಲ್ಲಿದ್ದೆ, ಪುಣ್ಯಕ್ಕೆ.

ವಾರದ ನಡುವೆ ಅವ್ವ ಫೋನ್ ಮಾಡಿದಾಗೆಲ್ಲ ಎಲ್ಲ ಛಲೋ ಇದೆ ಎಂದಳು. ನೆಲಕ್ಕೆ ಸುಣ್ಣದ ಪುಡಿ, ಅದರ ಮೇಲೆ ಭತ್ತದ ಹೊಟ್ಟು, ಕೂರಲು ಅಡ್ಡಗೋಲು. ಶನಿವಾರ ಬೆಳಗಾಗುತ್ತಲೇ ಮತ್ತೆ ಫೋನ್ ಬಂತು. ದನಿ ಸಣ್ಣಗಿತ್ತು.

“ಗೂಡಿನ ಗೋಡಿ ನಡ್ಯಾಕತ್ತದ. ನೀ ಜಲ್ದಿ ಬಾ.”

ಸಿಕ್ಕ ಬಸ್ ಹತ್ತಿ ಬಂದು ನೋಡಿದೆ. ಅವ್ವ ಹೇಳಿದ್ದು ನಿಜ. ಬಿಳಿ ಸುಣ್ಣ ಹೊಡೆದ ಗೋಡೆ ಕೆಂಪಗಾಗಿ ಮೆಲ್ಲಗೆ ಹರಿಯುತ್ತಿತ್ತು. ಕಾಕಾ ಗಾರೆ ಮೆತ್ತಿದ ಪ್ರತಿ ಸಂದಿಯಲ್ಲೂ ಕೆಂಪಿರುವೆ, ಒಂದರ ಹಿಂದೆ ಒಂದು, ಅಂಗಳ ದಾಟಿ, ಕಾಂಪೌಂಡು ದಾಟಿ, ಓಣಿಯ ಯಾವ ಮೂಲೆಯಿಂದಲೋ ಬರುತ್ತಲೇ ಇದ್ದವು. ಹುಳ ಒಳಗೆ ಬಾರದ ಹಾಗೆ ಕಟ್ಟಿದ ಗೂಡಿನ ಗೋಡೆಯೇ ತಿಂಡಿಯಾಗಿತ್ತು. ಬಿಲ ಮುಚ್ಚಿದ ಜಾಗದಲ್ಲಿ ಯಾರೋ ಹಲ್ಲಿನಿಂದ ರುಚಿ ನೋಡಿದ ಗುರುತೂ ಇತ್ತು. ಹೆಗ್ಗಣಕ್ಕೆ ಬೆಲ್ಲ ಹಿಡಿಸಿತ್ತು.

ಅರಿಶಿನ ಹಾಕಿದೆವು, ಬೂದಿ ಹಾಕಿದೆವು, ಬಿಸಿನೀರು ಸುರಿದೆವು. ಬಿಸಿನೀರಿಗೆ ಬೆಲ್ಲ ಕರಗಿ ಕೆಳಗಿಳಿದು ನೆಲವೂ ಸಿಹಿಯಾಯಿತು. ಬಲಗಡೆಯ ಇರುವೆಗಳು ಹೇಗೋ ಚದುರಿದವು, ಎಡಗೋಡೆಯವು ಇನ್ನಷ್ಟು ಹೆಚ್ಚಿದವು. ದೂರದಲ್ಲಿ ಇನ್ನೊಂದಿಷ್ಟು ಬೆಲ್ಲ ಇಟ್ಟರೆ ಇರುವೆಗಳು ಅಲ್ಲಿಗೆ ಹೋಗುತ್ತವೆ, ಬೇಕಾದರೆ ಅದರ ಕಾವಲಿಗೆ ತಾನೇ ಕೂರುತ್ತೇನೆ ಎಂದು ಆಯಿ ಉಪಾಯ ಹೇಳಿದಳು. ಯಾರೂ ಒಪ್ಪಲಿಲ್ಲ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮೇಡಂ ಸ್ಕೂಟಿಯ ಸದ್ದು ಕೇಳಿತು.

ಮುಂದೆ ನಡೆದದ್ದನ್ನು ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಕಾಕಾ ಒದ್ದೆ ಗೋಣಿಚೀಲವನ್ನು ಗೂಡಿನ ಎಡಗೋಡೆಯ ಮೇಲೆ ಇಳಿಬಿಟ್ಟ. ಆಯಿ ಕುರ್ಚಿಯನ್ನು ಆ ಚೀಲದ ಮುಂದಕ್ಕೆ ಹಾಕಿಸಿ, ನೋಯುವ ಕಾಲನ್ನು ಉದ್ದಕ್ಕೆ ಚಾಚಿದಳು. ಆ ಕಾಲು ದಾಟಿ ಹೋಗುವ ಧೈರ್ಯ ತಹಶೀಲ್ದಾರರಿಗೂ ಬರುವುದಿಲ್ಲ. ಸೊಸೆಗೆ ಆಗುವುದಿಲ್ಲ ಎಂದು ಸಾರಿದವಳು ಈಗ ಸೊಸೆಯ ಗೂಡಿಗೆ ಯಾಕೆ ಅಡ್ಡ ಕೂತಳು ಎಂದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ. ನಾನು ಕಚೇರಿಯ ಭಾಷೆಗೆ ಇಳಿದೆ. ಗೂಡಿನ ಬಲಭಾಗವು ಪರಿಶೀಲನೆಗೆ ಸಿದ್ಧವಾಗಿರುತ್ತದೆ, ದಯವಿಟ್ಟು ಈ ಕಡೆಯಿಂದ ಬರಬೇಕು ಎಂದೆ. ಅಪ್ಪ ಗಾಳಿ ನೋಡುತ್ತಿದ್ದ.

ಮೇಡಂ ಬಲಭಾಗ ನೋಡಿದರು. ಜಾಳಿಗೆ ಎಳೆದು ನೋಡಿದರು, ಬಾಗಿಲಿನ ಕೆಳಗೆ ಬೆರಳು ಹಾಕಿದರು, ಮೊಬೈಲ್ ಬೆಳಕು ಬಿಟ್ಟು ಒಳಗೆ ಇಣುಕಿದರು. ಬೆಳಿಗ್ಗೆಯಿಂದ ಎಷ್ಟೋ ಗೂಡು ನೋಡಿ ಬಂದಿದ್ದರು, ದಣಿದಿದ್ದರು. ಛಲೋ ಮಾಡೀರಿ, ಇಷ್ಟು ಸಾಕು ಎಂದು ತಲೆಯಾಡಿಸಿ ಚೀಲ ಹೆಗಲಿಗೆ ಹಾಕಿದರು. ಕಾಕಾ ನನ್ನ ಕಡೆ ನೋಡಿ ಕಣ್ಣು ಹೊಡೆದ.

ಅಷ್ಟು ಹೊತ್ತೂ ಗೋಣಿಚೀಲವನ್ನೇ ನೋಡುತ್ತಿದ್ದ ಅವ್ವ ಈಗ ಮುಂದೆ ಬಂದಳು.

“ಮೇಡಂ, ಆಗಿಲ್ರಿ” ಎಂದಳು. ಆಯಿಯ ಕಾಲು ದಾಟಿ ಹೋಗಿ ಗೋಣಿಚೀಲ ಎಳೆದಳು. “ಇದರಾಗ ಇವತ್ತು ಮರಿ ಬಿಟ್ಟರ ಇರುವಿ ಕಣ್ಣ ತಿಂತಾವ. ಸತ್ತರ ಮತ್ತ ಎಲ್ಲಾರೂ ನನ್ನ ಕೈಯಂತಾರ. ನನಗ ಸುಳ್ಳ ಸರ್ಟಿಫಿಕೇಟ್ ಬ್ಯಾಡ್ರಿ.”

ಅಂಗಳದಲ್ಲಿ ಇರುವೆಗಳು ಮಾತ್ರ ಕೆಲಸ ಮಾಡುತ್ತಿದ್ದವು. ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಕೈಗೆ ಬಂದದ್ದನ್ನು ಕಾಲಿನಿಂದ ಒದೆಯುತ್ತಿದ್ದಾಳಲ್ಲ ಎನಿಸಿತು. ಮೇಡಂ ಗೋಡೆಯನ್ನು ನೋಡಿದರು, ಅವ್ವನನ್ನು ನೋಡಿದರು, ಈ ಗಾರೆಯಲ್ಲಿ ಏನು ಹಾಕಿದ್ದೀರಿ ಎಂದು ಕೇಳಿದರು. ಕಾಕಾ ಗಂಟಲು ಸರಿಮಾಡಿಕೊಂಡು ಕೋಟೆಯಿಂದ ಶುರುಮಾಡಿದ. ಉಸ್ತಾದ್, ಬೆಲ್ಲ, ಆಯಿಯ ಡಬ್ಬಿ, ನನ್ನ ಇತಿಹಾಸ, ಎಲ್ಲವೂ ಬಂದವು. ಮೇಡಂ ಮೊದಲು ತುಟಿ ಕಚ್ಚಿ ಹಿಡಿದರು. ಆಮೇಲೆ ಆಗಲಿಲ್ಲ. ಮುರಿದ ಸ್ಟೂಲಿನ ಮೇಲೆ ಕೂರಲು ಹೋಗಿ, ಅದು ಮುರಿದದ್ದು ಎಂದು ಗೊತ್ತಾಗಿ, ಎದ್ದು ನಿಂತು ನಕ್ಕರು. ಕಣ್ಣು ಒರೆಸಿಕೊಂಡು ಹೇಳಿದ್ದಿಷ್ಟು: ಮರಿಗಳನ್ನು ಮುಂದಿನ ಶನಿವಾರ ಹಂಚುತ್ತಾರೆ. ಮಂಗಳವಾರ ತಾನು ಹುಮನಾಬಾದ ಕಡೆಯಿಂದ ಇದೇ ದಾರಿಯಲ್ಲಿ ಬರುತ್ತೇನೆ, ಅವತ್ತು ಮತ್ತೊಮ್ಮೆ ನೋಡುತ್ತೇನೆ. ಅವತ್ತೂ ಆಗದಿದ್ದರೆ ತನ್ನ ಕೈಯಲ್ಲಿ ಏನೂ ಇಲ್ಲ.

ಮೇಡಂ ಹೋದ ಮೇಲೆ ಕಾಕಾ ಉಳಿ ಸುತ್ತಿಗೆ ತೆಗೆದುಕೊಂಡು ತನ್ನ ಕೋಟೆಯನ್ನು ತಾನೇ ಒಡೆಯತೊಡಗಿದ. ಅವ್ವ ಸಿಮೆಂಟು ತರಿಸಿದಳು. ನಾನು ಒಡೆದ ಬಾಟಲಿಗಳನ್ನು ಚೀಲದಲ್ಲಿ ಹಾಕಿ ಕುಟ್ಟಿದೆ. ಬೆಲ್ಲದ ಗಾರೆಯನ್ನು ಪುಟ್ಟಿಗಟ್ಟಲೆ ಹೊತ್ತು ಊರಾಚೆ ಹಾಕಿ ಬಂದೆವು. ಇರುವೆಗಳ ಸಾಲು ಹಿಂದೆಯೇ ಬಂದಿರಬೇಕು, ನಾವು ತಿರುಗಿ ನೋಡಲಿಲ್ಲ.

ಬಿಲ ಮುಚ್ಚುವ ಮೊದಲು ಅದು ಎಲ್ಲೆಲ್ಲಿ ಕವಲೊಡೆದಿದೆ ಎಂದು ನೋಡಬೇಕಾಗಿತ್ತು. ಕೋಣೆಯ ಕಡೆಯಿಂದ ಯಾರಾದರೂ ಬೆಳಕು ಬಿಡಬೇಕು. ನಾನು ಏಳುವಷ್ಟರಲ್ಲಿ ಆಯಿ ನನ್ನ ಮೊಬೈಲ್ ಕಸಿದುಕೊಂಡಿದ್ದಳು. ತನ್ನ ಮಂಚವನ್ನು ಪಡಸಾಲೆಗೆ ಸಾಗಿಸಿ ಎಂದು ಅಪ್ಪನಿಗೆ ಹೇಳಿ, ನೆಲಕ್ಕೆ ಚಾಪೆ ಹಾಸಿಸಿ, ಅಯ್ಯಯ್ಯೋ ಎನ್ನುತ್ತಾ ಮಗ್ಗುಲಾಗಿ ಮಲಗಿ ಬಿಲಕ್ಕೆ ಬೆಳಕು ಹಿಡಿದಳು. ಆಚೆ ಗೂಡಿನೊಳಗೆ ಅವ್ವ ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡುತ್ತಿದ್ದಳು.

“ಏನರೆ ಕಾಣತದೇನು?” ಎಂದಳು ಆಯಿ.

“ಅತ್ತೀ, ನಿಮ್ಮ ಕಣ್ಣು ಕಾಣಾಕತ್ತದರಿ.”

ಬೆಳಕು ಒಮ್ಮೆ ಅತ್ತಿತ್ತ ಅಲ್ಲಾಡಿತು. ಆಮೇಲೆ ಆಯಿ, “ನಿಂದೂ ಕಾಣತದ. ಕಸ ಬಿದ್ದದ, ತೊಳಕೋ” ಎಂದಳು.

ಗಾಜಿನ ಚೂರು ತುಂಬಿ ಮೇಲೆ ಸಿಮೆಂಟು ಹಾಕಿದೆವು. ಮಂಗಳವಾರ ನಾನು ಕಚೇರಿಯಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವನ ಫೋನ್ ಬಂತು. ಆಕೆ ಮಾತಾಡುವ ಮೊದಲೇ ಹಿಂದಿನಿಂದ ಕಾಕಾ ಕೂಗುವುದು ಕೇಳಿಸಿತು, ಪಾಸು, ಪಾಸು ಎಂದು. ನನ್ನ ರಿಸಲ್ಟ್ ಬಂದ ದಿನವೂ ನನಗೆ ಇಷ್ಟು ಖುಷಿಯಾಗಿರಲಿಲ್ಲ. ಅನ್ನದ ಡಬ್ಬಿ ಪಕ್ಕಕ್ಕಿಟ್ಟು, ಪಕ್ಕದ ಟೇಬಲ್ಲಿನವರಿಗೆಲ್ಲ ನಮ್ಮ ಅವ್ವ ಪಾಸಾದಳು ಎಂದು ಹೇಳಿಬಂದೆ. ಯಾವ ಪರೀಕ್ಷೆ ಎಂದು ಕೇಳಿದರು. ಗೂಡಿನದು ಎಂದೆ.

ಶನಿವಾರ ಕಲಬುರಗಿಯಲ್ಲಿ ಸರ್ಟಿಫಿಕೇಟ್ ಕೊಡುವ ಕಾರ್ಯಕ್ರಮ. ಅವ್ವ ಬಂದಳು, ಅಪ್ಪ ಬಂದ. ಯಾವ ಕಾಗದಕ್ಕೆ ಇಷ್ಟು ಗದ್ದಲ ಎಂದು ತಾನೂ ನೋಡಬೇಕೆಂದು ಆಯಿ ಹಟ ಹಿಡಿದು ಬಂದಳು. ಬಸ್ ನಿಲ್ದಾಣದಿಂದ ಆಟೋದಲ್ಲಿ ಆಕೆಯ ಕಾಲಿಗೆ ಜಾಗ ಮಾಡಿ ನಾವು ಉಳಿದವರು ಹೇಗೋ ತುರುಕಿಕೊಂಡೆವು. ಸಭಾಂಗಣದ ಹಿಂದಿನ ಗೋಡೆಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಮರಿಗಳು ಚಿಂವ್ ಚಿಂವ್ ಎನ್ನುತ್ತಿದ್ದವು, ವೇದಿಕೆಯ ಮೇಲಿನವರು ಮಾತಾಡಿದ್ದು ಒಂದೂ ಕೇಳಿಸಲಿಲ್ಲ. ಯಾರಿಗೂ ಅದರಿಂದ ನಷ್ಟವಾದ ಹಾಗೆ ಕಾಣಲಿಲ್ಲ.

ಅವ್ವನ ಹೆಸರು ಕರೆದರು. ಆಕೆ ಸೆರಗು ಹೊದ್ದು ಹೋಗಿ, ಎರಡೂ ಕೈ ಚಾಚಿ ತೆಗೆದುಕೊಂಡಳು. ಮೇಡಂ ಅವಳ ಕಿವಿಯಲ್ಲಿ ಏನೋ ಹೇಳಿದರು, ಅವ್ವ ನಕ್ಕಳು. ನಾನು ಫೋಟೋ ತೆಗೆಯುತ್ತಾ ನಿಂತಿದ್ದೆ, ಕಣ್ಣಲ್ಲಿ ನೀರು ಬಂದು ಎಲ್ಲ ಫೋಟೋಗಳಲ್ಲೂ ಬೇರೆ ಯಾರದೋ ಭುಜ ಬಂದಿದೆ. ಕೆಳಗಿಳಿದು ನನ್ನ ಹತ್ತಿರ ಬರುತ್ತಾಳೆ, ಓದಿ ಹೇಳು ಎನ್ನುತ್ತಾಳೆ ಎಂದುಕೊಂಡಿದ್ದೆ. ಮನೆಯಲ್ಲಿ ಓದಿದವಳು ನಾನು ತಾನೆ. ಅವ್ವ ನನ್ನನ್ನು ದಾಟಿಹೋಗಿ ಸರ್ಟಿಫಿಕೇಟನ್ನು ಆಯಿಯ ಕೈಗೆ ಕೊಟ್ಟಳು.

ಆಯಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಅಂಗೈಯಿಂದ ಒಮ್ಮೆ ಸವರಿ, ತಲೆ ಎತ್ತದೆ ಹೇಳಿದಳು:

“ಇನ್ನ ಮ್ಯಾಲ ಕೋಳಿ ವಿಷಯದಾಗ ನೀ ಹೇಳಿದಂಗ. ಉಳಿದದ್ದೆಲ್ಲಾ ನಾ ಹೇಳಿದಂಗ.”